ಮದ್ದಿನ ಬೆಲೆ, ಮಾನದ ಬೆಲೆ

ಹೋದ ವಾರ ಎರಡನೆಯ ಪಾಳಿ ಬಿಟ್ಟ ಹೊತ್ತಿನಲ್ಲಿ ಗಿರಣಿ ಗೇಟಿನೆದುರಿನ ಚಹದಂಗಡಿಯಲ್ಲಿ ಕುಳಿತಿದ್ದೆವು. ನೂಲು ಖಾತೆಯ ಹಿರಿಯ ಕಾರ್ಮಿಕ ಬಂಧುವೊಬ್ಬರು ನಮ್ಮನ್ನು ಕೇಳಿದರು: ‘ಮೇಷ್ಟ್ರೇ, ಅಮೆರಿಕೆಯಲ್ಲಿ ಸಮಾಜವಾದಿ ಎಂದು ಹೇಳಿಕೊಂಡವರೊಬ್ಬರು ಅಧ್ಯಕ್ಷ ಪದವಿಗೆ ನಿಂತಿದ್ದರಂತೆ. ಅವರು ಕೂಲಿ, ಬೋನಸ್ಸಿನ ಮಾತು ಆಡುವುದು ಬಿಟ್ಟು ಗಂಡು ಗಂಡು ಕೂಡಿ ಬಾಳುವವರ ಮಾತು, ಮಂಗಳಮುಖಿಯರ ಮಾತು ಏಕೆ ಆಡಿದರು? ಅದರಿಂದ ನಮ್ಮಂಥ ಮಗ್ಗದವನಿಗೆ ಏನು ಬಂತು?’ ಪಕ್ಕದಲ್ಲಿದ್ದ ದಿನಸಿ ಅಂಗಡಿಯ ಯಜಮಾನರೂ ತಲೆಯಾಡಿಸಿ ‘ಹೌದು ಹೇಳಿ’ ಎಂದರು.

ಪ್ರಶ್ನೆ ನೇರವಾದುದು. ಹಾರಿಕೆಯ ಉತ್ತರ ಕೊಟ್ಟು ಎದ್ದುಬರುವುದು ನ್ಯಾಯವಲ್ಲ. ಆದುದರಿಂದ ಈ ವಾರದ ಸಂಪಾದಕೀಯವನ್ನು ಆ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ.

ಅವರು ಹೇಳಿದ ವ್ಯಕ್ತಿ ಬರ್ನಿ ಸ್ಯಾಂಡರ್ಸ್. 1941ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. 1981ರಲ್ಲಿ ವರ್ಮಾಂಟ್ ಸಂಸ್ಥಾನದ ಬರ್ಲಿಂಗ್ಟನ್ ಊರಿನಲ್ಲಿ ಬರಿಯ 10 ಮತಗಳ ಅಂತರದಿಂದ ನಗರಾಧ್ಯಕ್ಷರಾದರು. ಅಲ್ಲಿಂದ ಕೆಳಮನೆಗೆ, 2007ರಿಂದ ಸೆನೆಟ್ಟಿಗೆ ಹೋದರು. 2019ರ ಫೆಬ್ರವರಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿತನಕ್ಕೆ ಎರಡನೆಯ ಬಾರಿ ನಿಂತು, 2020ರ ಏಪ್ರಿಲ್ 8ರಂದು ಕಣದಿಂದ ಹಿಂದೆ ಸರಿದರು. ಅಂದರೆ ಅವರು ಸೋತರು. ಸೋತವರ ಕಾರ್ಯಕ್ರಮವನ್ನು ಇಂದು ಏಕೆ ನೋಡಬೇಕು? ಅವರು ಎತ್ತಿದ ಸಮಸ್ಯೆ ಸೋತಿಲ್ಲ, ಅದು ಇಂದಿಗೂ ಬಾಗಿಲಲ್ಲಿ ನಿಂತಿದೆ ಎಂಬುದೇ ಕಾರಣ.

ಲೈಂಗಿಕ ಅಲ್ಪಸಂಖ್ಯಾತರಿಗೆ ಸಂಬಂಧಿಸಿ ಅವರು ಮುಂದಿಟ್ಟ ಯೋಜನೆಯ ಸಾರ ಇಷ್ಟು. ಮೊದಲನೆಯದು, ಸಮಾನತಾ ಕಾಯಿದೆಯನ್ನು ಅಂಗೀಕರಿಸುವುದು. ಗಂಡನ್ನು ಪ್ರೀತಿಸುವ ಗಂಡಸು, ಹೆಣ್ಣನ್ನು ಪ್ರೀತಿಸುವ ಹೆಂಗಸು, ಹುಟ್ಟಿನ ಲಿಂಗವನ್ನು ಬಿಟ್ಟು ತನ್ನ ಮನಸ್ಸು ಒಪ್ಪಿದಂತೆ ಬಾಳುವವರು, ಇವರನ್ನು ಕೆಲಸದಿಂದಾಗಲಿ, ಬಾಡಿಗೆ ಮನೆಯಿಂದಾಗಲಿ, ಅಂಗಡಿ ಹೋಟೆಲುಗಳಿಂದಾಗಲಿ ಆ ಒಂದೇ ಕಾರಣಕ್ಕೆ ಹೊರಹಾಕಕೂಡದು ಎಂಬುದು ಅದರ ತಿರುಳು. ಎರಡನೆಯದು, ಸೈನ್ಯದಲ್ಲಿ ಲಿಂಗ ಪರಿವರ್ತಿತರ ಮೇಲಿನ ನಿಷೇಧವನ್ನು ತೆಗೆಯುವುದು. ಮೂರನೆಯದು, ಮನೆಯಿಂದ ಹೊರಬಿದ್ದು ಬೀದಿಪಾಲಾದ ಹುಡುಗ ಹುಡುಗಿಯರಿಗೆ ಆಸರೆ. ನಾಲ್ಕನೆಯದು, ನಮ್ಮ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡದು: ಸರ್ವರಿಗೂ ಸರ್ಕಾರಿ ಆರೋಗ್ಯ ವಿಮೆ. ಲಿಂಗ ಪರಿವರ್ತನೆಯ ಚಿಕಿತ್ಸೆ, ಎಚ್.ಐ.ವಿ. ಸೋಂಕು ತಗಲದಂತೆ ತಡೆಯುವ ಮಾತ್ರೆ, ಮಾನಸಿಕ ಆರೋಗ್ಯದ ಆರೈಕೆ, ಎಲ್ಲವೂ ಅದರಲ್ಲಿ ಸೇರಬೇಕು, ಯಾವ ವೈದ್ಯನೂ ಭೇದ ಮಾಡಕೂಡದು ಎಂಬುದು ಅವರ ಮಾತು.

ಹಕ್ಕಿನ ಮಾತಿಗೂ ಆಸ್ಪತ್ರೆಯ ಮಾತಿಗೂ ಏನು ಗಂಟು ಎಂದು ಕೇಳಬಹುದು. ಗಂಟು ಇರುವುದು ಅಮೆರಿಕೆಯ ವಿಮೆಯ ಪದ್ಧತಿಯಲ್ಲಿ. ಆ ದೇಶದ ಸುಮಾರು ಅರ್ಧದಷ್ಟು ಜನರಿಗೆ ಆರೋಗ್ಯ ವಿಮೆ ಬರುವುದು ಧಣಿಯ ಮೂಲಕ. ನಮ್ಮ ಇ.ಎಸ್.ಐ. ಚೀಟಿಯನ್ನು ನೆನೆಸಿಕೊಳ್ಳಿ. ಕೆಲಸ ಹೋದರೆ ಚೀಟಿಯ ಗತಿಯೇನು ಎಂಬುದು ಬದಲಿ ಕಾರ್ಮಿಕರಿಗೆ ಚೆನ್ನಾಗಿ ಗೊತ್ತು. ಆದರೆ ನಮಗೆ ಕೊನೆಗೆ ಜಿಲ್ಲಾ ಆಸ್ಪತ್ರೆಯಾದರೂ ಇದೆ. ಅಲ್ಲಿ ವಿಮೆಯಿಲ್ಲದವನು ಒಂದು ಶಸ್ತ್ರಚಿಕಿತ್ಸೆಗೆ ಮನೆ ಮಾರಬೇಕಾಗುತ್ತದೆ. 2019ರಲ್ಲಿ ಆ ಸಿರಿವಂತ ರಾಷ್ಟ್ರದಲ್ಲಿ ಸುಮಾರು 2.6 ಕೋಟಿ ಜನಕ್ಕೆ ಯಾವ ವಿಮೆಯೂ ಇರಲಿಲ್ಲ. ಸ್ಯಾಂಡರ್ಸ್ ಕಣದಿಂದ ಸರಿದ ಅದೇ ಏಪ್ರಿಲ್ 2020ರಲ್ಲಿ, ಕೊರೊನಾ ಹಾವಳಿಯಿಂದ, ಒಂದೇ ತಿಂಗಳಲ್ಲಿ ಅಲ್ಲಿ 2 ಕೋಟಿಗೂ ಹೆಚ್ಚು ಉದ್ಯೋಗಗಳು ಹೋದವು. ರೋಗ ಬಂದ ತಿಂಗಳಿನಲ್ಲೇ ಚಿಕಿತ್ಸೆಯ ಚೀಟಿಯೂ ಹರಿದು ಹೋಗುವ ಏರ್ಪಾಡಿಗೆ ಏನೆನ್ನಬೇಕು?

ಈಗ ಇದಕ್ಕೆ ಇನ್ನೊಂದು ಸಂಗತಿಯನ್ನು ಸೇರಿಸಿ. 2015ರ ಜೂನ್ 26ರಂದು ಅಮೆರಿಕೆಯ ಸುಪ್ರೀಂ ಕೋರ್ಟು ಸಲಿಂಗಿಗಳ ವಿವಾಹಕ್ಕೆ ದೇಶದಾದ್ಯಂತ ಮಾನ್ಯತೆ ನೀಡಿತು. ಜಗತ್ತೆಲ್ಲ ಅದನ್ನು ಕೊಂಡಾಡಿತು. ಆದರೆ ಆಗಲೂ, ಮುಂದೆ ಐದು ವರ್ಷಗಳವರೆಗೂ, ಅರ್ಧಕ್ಕಿಂತ ಹೆಚ್ಚು ಸಂಸ್ಥಾನಗಳಲ್ಲಿ ಖಾಸಗಿ ಧಣಿಯು ಸಲಿಂಗಿಯೆಂಬ ಕಾರಣಕ್ಕೆ ನೌಕರನನ್ನು ತೆಗೆದುಹಾಕುವುದನ್ನು ತಡೆಯುವ ಸ್ಪಷ್ಟ ಸಂಸ್ಥಾನ ಕಾನೂನು ಇರಲಿಲ್ಲ. ಮದುವೆಯ ಚಿತ್ರವನ್ನು ಮೇಜಿನ ಮೇಲಿಟ್ಟುಕೊಂಡವನ ಕೆಲಸ ಹೋಗಬಹುದಾಗಿತ್ತು. ಕೆಲಸದ ಜೊತೆಗೆ ವಿಮೆ, ವಿಮೆಯ ಜೊತೆಗೆ ಔಷಧ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಆ ಪೂಜಾರಿ ಯಾರೆಂದರೆ ಧಣಿ ಮತ್ತು ವಿಮಾ ಕಂಪನಿ. ಈ ಎರಡು ಎಳೆಗಳನ್ನೂ ಒಟ್ಟಿಗೆ ಹಿಡಿದು ಎಳೆದದ್ದೇ ಸ್ಯಾಂಡರ್ಸರ ಯೋಜನೆಯ ಹೆಚ್ಚುಗಾರಿಕೆ. ಕೋರ್ಟು ಕೊಟ್ಟ ಹಕ್ಕು ಕಾಗದದ ಮೇಲೆ ಉಳಿಯುತ್ತದೆ. ಬದುಕಿನೊಳಗೆ ಅದು ಇಳಿಯಬೇಕಾದರೆ ಅನ್ನ ಮತ್ತು ಔಷಧ ಧಣಿಯ ಕೃಪೆಯಿಂದ ಬಿಡುಗಡೆಯಾಗಬೇಕು.

ಔಷಧದ ಕತೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಅಲ್ಲಿ ನಮ್ಮ ದೇಶದ ಪಾಲೂ ಇದೆ.

ಏಡ್ಸ್ ರೋಗದ ಮೊದಲ ವರದಿ ಪ್ರಕಟವಾದದ್ದು 1981ರ ಜೂನ್ 5ರಂದು, ಅಮೆರಿಕೆಯಲ್ಲಿ. ಮೊದಲಿಗೆ ಸತ್ತವರಲ್ಲಿ ಹೆಚ್ಚಿನವರು ಸಲಿಂಗಿ ಗಂಡಸರು. ‘ಅವರ ಕರ್ಮ, ಅವರು ಅನುಭವಿಸಲಿ’ ಎಂದು ದೊಡ್ಡವರು ಕಣ್ಣುಮುಚ್ಚಿದರು. 1987ರಲ್ಲಿ ಮೊದಲ ಔಷಧ ಎ.ಜೆಡ್.ಟಿ. ಬಂತು. ವರ್ಷಕ್ಕೆ ಸುಮಾರು 10,000 ಡಾಲರು! ಈ ಔಷಧವನ್ನು 1964ರಲ್ಲಿ ಮೊದಲು ತಯಾರಿಸಿದ್ದು ಸರ್ಕಾರದ ಹಣದಿಂದ ನಡೆದ ಸಂಶೋಧನೆಯಲ್ಲಿ, ಕ್ಯಾನ್ಸರಿಗಾಗಿ. ಅದು ಆಗ ಫಲಿಸದೆ ಮೂಲೆಗೆ ಬಿದ್ದಿತ್ತು. ಜನರ ತೆರಿಗೆಯಿಂದ ಹುಟ್ಟಿದ ವಸ್ತು ಕಂಪನಿಯ ಕೈಸೇರಿ ಚಿನ್ನದ ಬೆಲೆಗೆ ಮಾರಾಟವಾಯಿತು. ಆಗ ರೋಗಿಗಳೂ ಅವರ ಗೆಳೆಯರೂ ‘ಆಕ್ಟ್ ಅಪ್’ ಎಂಬ ಸಂಘ ಕಟ್ಟಿ 1987ರ ಮಾರ್ಚ್ ತಿಂಗಳಲ್ಲಿ ವಾಲ್ ಸ್ಟ್ರೀಟಿನಲ್ಲಿ ರಸ್ತೆ ತಡೆ ನಡೆಸಿದರು. 1989ರ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ಒಳಕ್ಕೇ ನುಗ್ಗಿ ಕೂಗಿದರು. ಕೆಲವೇ ದಿನಗಳಲ್ಲಿ ಕಂಪನಿ ಶೇಕಡಾ 20ರಷ್ಟು ಬೆಲೆ ಇಳಿಸಿತು. ಬೀದಿಗಿಳಿಯದೆ ಬೆಲೆ ಇಳಿದ ಉದಾಹರಣೆ ನಮ್ಮ ಓದುಗರಿಗೆ ಗೊತ್ತಿದ್ದರೆ ನಮಗೂ ತಿಳಿಸಲಿ.

ಇತಿಹಾಸ ಅಲ್ಲಿಗೇ ನಿಲ್ಲಲಿಲ್ಲ. ಟ್ರುವಾಡಾ ಎಂಬ ಮಾತ್ರೆಯನ್ನು ದಿನಕ್ಕೊಂದರಂತೆ ನುಂಗಿದರೆ ಎಚ್.ಐ.ವಿ. ತಗಲುವ ಸಂಭವ ಬಹುಪಾಲು ತಪ್ಪುತ್ತದೆ. ಈ ಬಳಕೆಗೆ 2012ರಲ್ಲಿ ಅನುಮತಿ ದೊರೆಯಿತು. ಆರೋಗ್ಯವಂತರ ಮೇಲೆ ನಡೆದ ದೊಡ್ಡ ಪ್ರಯೋಗಕ್ಕೆ ಹಣ ಕೊಟ್ಟದ್ದು ಸರ್ಕಾರಿ ಆರೋಗ್ಯ ಸಂಸ್ಥೆ ಮತ್ತು ಒಂದು ಧರ್ಮದತ್ತಿ. ಆದರೆ 2019ರಲ್ಲಿ, ಸ್ಯಾಂಡರ್ಸ್ ಊರೂರು ತಿರುಗುತ್ತಿದ್ದಾಗ, ಗಿಲಿಯಡ್ ಕಂಪನಿ ಅಮೆರಿಕೆಯಲ್ಲಿ ಒಂದು ತಿಂಗಳ ಮಾತ್ರೆಗೆ ಇಟ್ಟ ಬೆಲೆ 2,000 ಡಾಲರಿಗೆ ಸಮೀಪ. ಅದೇ ಸಾಮಗ್ರಿಯ ಮಾತ್ರೆಯನ್ನು ಭಾರತದ ಕಂಪನಿಗಳು ಬಡ ದೇಶಗಳಿಗೆ ವರ್ಷಕ್ಕೆ 100 ಡಾಲರಿಗೂ ಕಡಿಮೆಗೆ ಕೊಡುತ್ತಿದ್ದವು. ವರ್ಷಕ್ಕೆ ಸುಮಾರು 37,000 ಅಮೆರಿಕನ್ನರಿಗೆ ಹೊಸದಾಗಿ ಸೋಂಕು ತಗಲುತ್ತಿದ್ದ ಕಾಲ ಅದು. ಅವರಲ್ಲಿ ಹತ್ತಕ್ಕೆ ನಾಲ್ವರು ಕರಿಯರು; ಜನಸಂಖ್ಯೆಯಲ್ಲಿ ಅವರ ಪಾಲು ನೂರಕ್ಕೆ 13 ಮಾತ್ರ. ಮಾತ್ರೆ ಇತ್ತು, ಅದರ ಅಗತ್ಯವುಳ್ಳವರೂ ಇದ್ದರು, ನಡುವೆ ನಿಂತದ್ದು ಬೆಲೆ. ಸರ್ಕಾರವೇ ಆ ವರ್ಷ ನವೆಂಬರಿನಲ್ಲಿ, ತನ್ನ ವಿಜ್ಞಾನಿಗಳ ಹಕ್ಕುಪತ್ರವನ್ನು ಉಲ್ಲಂಘಿಸಿದ್ದಾರೆಂದು ಕಂಪನಿಯ ಮೇಲೆ ದಾವೆ ಹೂಡಿತು. 2023ರಲ್ಲಿ ಪಂಚರ ತೀರ್ಪು ಕಂಪನಿಯ ಕಡೆಗೇ ಆಯಿತು. 2020ರ ಕೊನೆಯಿಂದ ಬೇರೆ ಕಂಪನಿಗಳೂ ಅದನ್ನು ತಯಾರಿಸತೊಡಗಿದ ಮೇಲೆ ಬೆಲೆ ತಿಂಗಳಿಗೆ ಕೆಲವು ಹತ್ತು ಡಾಲರುಗಳಿಗೆ ಕುಸಿಯಿತು. ಅಂದರೆ ಹಿಂದಿನ 2,000ದಲ್ಲಿ ಔಷಧದ ಪಾಲೆಷ್ಟು, ಏಕಸ್ವಾಮ್ಯದ ಪಾಲೆಷ್ಟು ಎಂಬುದನ್ನು ಅಂಗಡಿ ನಡೆಸುವ ನಮ್ಮ ಓದುಗರು ಬೆರಳಿನಲ್ಲೇ ಲೆಕ್ಕ ಹಾಕಬಲ್ಲರು.

ಸ್ಯಾಂಡರ್ಸ್ ಈ ರೋಗದ ಮೂಲಕ್ಕೇ ಕೈಹಾಕಿದ್ದರು. 2011ರಲ್ಲೇ ಅವರು ಸೆನೆಟ್ಟಿನಲ್ಲಿ ಒಂದು ಮಸೂದೆ ಮಂಡಿಸಿದರು. ಎಚ್.ಐ.ವಿ.ಗೆ ಹೊಸ ಔಷಧ ಕಂಡುಹಿಡಿದವರಿಗೆ ಏಕಸ್ವಾಮ್ಯದ ಹಕ್ಕು ಬೇಡ. ಅದರ ಬದಲು ವರ್ಷಕ್ಕೆ ಸುಮಾರು 300 ಕೋಟಿ ಡಾಲರಿನ ಬಹುಮಾನ ನಿಧಿಯಿಂದ ಅವರಿಗೆ ಕೈತುಂಬ ಹಣ ಕೊಟ್ಟುಬಿಡೋಣ. ಆಮೇಲೆ ಯಾರು ಬೇಕಾದರೂ ಔಷಧ ತಯಾರಿಸಿ ತಯಾರಿಕೆಯ ಬೆಲೆಗೆ ಮಾರಲಿ. ಇದು ಆ ಮಸೂದೆಯ ಸರಳ ತಾತ್ಪರ್ಯ. ಬುದ್ಧಿಗೆ ಪ್ರತಿಫಲ ಬೇಡವೆಂದು ಅವರು ಹೇಳಲಿಲ್ಲ. ಪ್ರತಿಫಲವನ್ನು ಸಾಯುತ್ತಿರುವ ರೋಗಿಯ ಜೇಬಿನಿಂದ ಕೀಳಬೇಡಿ ಎಂದರು. ಮಸೂದೆ ಕಾಯಿದೆಯಾಗಲಿಲ್ಲ. ಆದರೂ ಔಷಧದ ಬೆಲೆಯ ಬಗ್ಗೆ ಇದಕ್ಕಿಂತ ನೇರವಾದ ಸಲಹೆಯನ್ನು ನಾವು ಬೇರೆಡೆ ಕಂಡಿಲ್ಲ.

ಇಲ್ಲಿಯೇ ಭಾರತದ ಮಾತು ಬರುತ್ತದೆ. 1970ರ ನಮ್ಮ ಪೇಟೆಂಟ್ ಕಾಯಿದೆ ಔಷಧ ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ಕೊಡುತ್ತಿತ್ತು, ಔಷಧಕ್ಕೆ ಕೊಡುತ್ತಿರಲಿಲ್ಲ. ಅದರ ನೆರಳಿನಲ್ಲಿ ಬೆಳೆದ ನಮ್ಮ ದೇಶದ ಸಿಪ್ಲಾ ಕಂಪನಿ 2001ರ ಫೆಬ್ರವರಿಯಲ್ಲಿ ಮೂರು ಔಷಧಗಳ ಏಡ್ಸ್ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ, ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ, ಕೊಡುತ್ತೇವೆಂದು ಸಾರಿತು. ಪಾಶ್ಚಾತ್ಯ ಕಂಪನಿಗಳು ಅದಕ್ಕೆ 10,000 ಡಾಲರಿಗೂ ಮೇಲ್ಪಟ್ಟು ಕೇಳುತ್ತಿದ್ದವು. ಆಫ್ರಿಕದ ಲಕ್ಷಾಂತರ ಜೀವಗಳು ಉಳಿದದ್ದು ಇಂಥ ಔಷಧಗಳಿಂದ. 2005ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದಕ್ಕೆ ತಲೆಬಾಗಿ ನಾವು ಆ ಕಾಯಿದೆಯನ್ನು ಬದಲಿಸಿಕೊಂಡೆವು. ಆದರೂ ಪಾಠ ಉಳಿದಿದೆ. 2025ರ ಜೂನ್ ತಿಂಗಳಲ್ಲಿ ವರ್ಷಕ್ಕೆ ಎರಡೇ ಬಾರಿ ಚುಚ್ಚಿದರೆ ಸಾಕಾಗುವ ಲೆನಕಪವಿರ್ ಎಂಬ ತಡೆಮದ್ದಿಗೆ ಅಮೆರಿಕೆಯಲ್ಲಿ ಒಪ್ಪಿಗೆ ದೊರೆಯಿತು. ಅಲ್ಲಿ ಅದರ ಬೆಲೆ ವರ್ಷಕ್ಕೆ 28,218 ಡಾಲರು. ಅದೇ ಮದ್ದನ್ನು 2027ರಿಂದ ಬಡ ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಕೊಡಲು ಹೈದರಾಬಾದಿನ ಕಂಪನಿಗಳೊಡನೆ ಒಪ್ಪಂದವಾಯಿತೆಂದು ಅದೇ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಇಪ್ಪತ್ತೆಂಟು ಸಾವಿರವೆಲ್ಲಿ, ನಲವತ್ತೆಲ್ಲಿ!

ಇಷ್ಟು ಹೇಳಿದ ಮೇಲೆ ಆಕ್ಷೇಪಣೆಗಳನ್ನೂ ಮುಚ್ಚಿಡಬಾರದು. ಸ್ಯಾಂಡರ್ಸರ ಸರ್ವಜನ ವಿಮೆಗೆ ಹತ್ತು ವರ್ಷಕ್ಕೆ ಸರ್ಕಾರದ ಹೆಚ್ಚಿನ ಖರ್ಚು 32 ಲಕ್ಷ ಕೋಟಿ ಡಾಲರನ್ನೂ ಮೀರುತ್ತದೆ ಎಂದು 2018ರಲ್ಲಿ ಒಂದು ವಿಶ್ವವಿದ್ಯಾಲಯದ ಕೇಂದ್ರ ಲೆಕ್ಕ ಕೊಟ್ಟಿತು. ಖರ್ಚು ಭಾರಿಯೇ ಸರಿ. ಆದರೆ ಅದೇ ಜನ ಅದೇ ಕಾಲದಲ್ಲಿ ವಿಮಾ ಕಂಪನಿಗಳಿಗೂ ಆಸ್ಪತ್ರೆಗಳಿಗೂ ಕೈಯಿಂದ ತೆರುವ ಹಣವನ್ನು ಆ ಲೆಕ್ಕದ ಇನ್ನೊಂದು ಪುಟದಲ್ಲಿ ಬರೆಯಬೇಕಲ್ಲವೆ? ಖರ್ಚಿನ ಪುಟವನ್ನು ಮಾತ್ರ ತೋರಿಸುವ ಖಾತೆಯನ್ನು ನಮ್ಮ ಯಾವ ವರ್ತಕ ಮಿತ್ರರೂ ಒಪ್ಪಲಾರರು. ಹಾಗಿದ್ದೂ, ಇರುವ ವಿಮೆಯನ್ನು ಬಿಟ್ಟು ಹೊಸದನ್ನು ನಂಬಿ ಬನ್ನಿ ಎಂದು ದುಡಿಯುವ ಜನರನ್ನು ಪೂರ್ತಿ ಒಪ್ಪಿಸಲು ಅವರಿಂದಾಗಲಿಲ್ಲ. ಹೋರಾಡಿ ಒಳ್ಳೆಯ ವಿಮೆ ಪಡೆದಿದ್ದ ಕೆಲವು ಕಾರ್ಮಿಕ ಸಂಘಗಳೇ ಹಿಂಜರಿದವು. ಅದನ್ನು ಅವರ ಸೋಲೆಂದೇ ಒಪ್ಪಬೇಕು.

ಅವರ ಹಿಂದಿನ ದಾಖಲೆಯೂ ಪೂರ್ಣ ನಿಷ್ಕಳಂಕವಲ್ಲ. 1983ರಲ್ಲಿ ಬರ್ಲಿಂಗ್ಟನ್ನಿನಲ್ಲಿ ಸಲಿಂಗಿಗಳ ಮೊದಲ ಮೆರವಣಿಗೆಗೆ ಅವರು ಬೆಂಬಲ ಕೊಟ್ಟರು. 1995ರಲ್ಲಿ ಕೆಳಮನೆಯಲ್ಲಿ ಸದಸ್ಯರೊಬ್ಬರು ಸೈನ್ಯದ ಸಲಿಂಗಿಗಳನ್ನು ಹೀನಾಯವಾಗಿ ಕರೆದಾಗ ಎದ್ದುನಿಂತು ಖಂಡಿಸಿದರು. 1996ರಲ್ಲಿ ಸಲಿಂಗ ವಿವಾಹವನ್ನು ಕೇಂದ್ರ ಸರ್ಕಾರ ಮಾನ್ಯಮಾಡದಂತೆ ತಂದ ಕಾಯಿದೆಯ ಪರವಾಗಿ 342 ಮತ, ವಿರೋಧವಾಗಿ 67. ಆ 67ರಲ್ಲಿ ಅವರೊಬ್ಬರು. ಆದರೆ ಆಗ ಅವರ ಕಡೆಯವರು ಕೊಟ್ಟ ಕಾರಣ ಸಂಸ್ಥಾನಗಳ ಅಧಿಕಾರದ್ದು, ಮನುಷ್ಯರ ಹಕ್ಕಿನದಲ್ಲ. 2006ರಲ್ಲೂ ಮದುವೆಯ ವಿಷಯಕ್ಕೆ ಇದು ಸಮಯವಲ್ಲ ಎಂಬ ಧೋರಣೆ ಅವರದಾಗಿತ್ತು. ನಾಯಕರು ಒಂದೇ ದಿನಕ್ಕೆ ನೆಟ್ಟಗಾಗುವುದಿಲ್ಲ. ಕೆಳಗಿನ ಜನ ತಟ್ಟುತ್ತಿದ್ದರೆ ಮಾತ್ರ ನೆಟ್ಟಗಾಗುತ್ತಾರೆ.

ಈಗ ನಮ್ಮ ನೂಲು ಖಾತೆಯ ಬಂಧುವಿನ ಮೂಲ ಪ್ರಶ್ನೆಗೆ ಬರುತ್ತೇವೆ. ಮಗ್ಗದವನಿಗೆ ಇದರಿಂದ ಏನು ಬಂತು? ಉತ್ತರವಾಗಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಒಂದು ಪ್ರಸಂಗ ಹೇಳುತ್ತೇವೆ. 1970ರ ದಶಕದಲ್ಲಿ ಅಲ್ಲಿ ಹಾರ್ವೆ ಮಿಲ್ಕ್ ಎಂಬ ಸಣ್ಣ ವ್ಯಾಪಾರಿ ಇದ್ದರು. ಕ್ಯಾಸ್ಟ್ರೋ ಬೀದಿಯಲ್ಲಿ ಕ್ಯಾಮೆರಾ ಅಂಗಡಿ. ಸಲಿಂಗಿ. ಅದೇ ಹೊತ್ತಿಗೆ ಬಿಯರ್ ಸಾಗಿಸುವ ಲಾರಿ ಚಾಲಕರ ಸಂಘ ಒಪ್ಪಂದಕ್ಕಾಗಿ ಹೋರಾಡುತ್ತಿತ್ತು. ಕೂರ್ಸ್ ಬಿಯರನ್ನು ಬಹಿಷ್ಕರಿಸಬೇಕಾಗಿತ್ತು. ಸಂಘದ ನಾಯಕ ಅಲನ್ ಬೇರ್ಡ್ ಮಿಲ್ಕ್ ಅವರ ಅಂಗಡಿಗೆ ಬಂದು ಸಹಾಯ ಕೇಳಿದರು. ಮಿಲ್ಕ್ ಒಪ್ಪಿದರು. ಆದರೆ ಒಂದು ಕರಾರು ಹಾಕಿದರು: ನಮ್ಮವರಿಗೂ ಲಾರಿ ಓಡಿಸುವ ಕೆಲಸ ಕೊಡಬೇಕು. ಸಲಿಂಗಿಗಳು ಸೇರುತ್ತಿದ್ದ ಬಾರುಗಳು ಆ ಬಿಯರನ್ನು ಕೆಳಗಿಳಿಸಿದವು. ಸಂಘವೂ ತನ್ನ ಮಾತನ್ನು ಉಳಿಸಿಕೊಂಡಿತು. ಮುಂದೆ ಮಿಲ್ಕ್ ಚುನಾವಣೆಗೆ ನಿಂತಾಗ ಲಾರಿ ಚಾಲಕರು ಅವರ ಬೆನ್ನಿಗಿದ್ದರು. ಮೂರು ಬಾರಿ ಸೋತು 1977ರಲ್ಲಿ ಅವರು ನಗರಸಭೆಗೆ ಗೆದ್ದರು. 1978ರಲ್ಲಿ ಸಲಿಂಗಿ ಉಪಾಧ್ಯಾಯರನ್ನು ಶಾಲೆಗಳಿಂದ ಹೊರಹಾಕಲು ತಂದ ಪ್ರಸ್ತಾಪವನ್ನು ಕ್ಯಾಲಿಫೋರ್ನಿಯದ ಮತದಾರರು ಸೋಲಿಸುವಂತೆ ದುಡಿದರು. ಅದೇ ನವೆಂಬರ್ 27ರಂದು ನಗರಾಧ್ಯಕ್ಷರೊಡನೆ ಗುಂಡಿಗೆ ಬಲಿಯಾದರು.

ಒಬ್ಬನ ಮಾನವನ್ನು ಕಳೆದು ಅವನನ್ನು ಸಾಲಿನಿಂದ ಹೊರನೂಕಿದರೆ ಧಣಿಗೆ ಅಗ್ಗದ ಕೈಯೊಂದು ಸಿಕ್ಕುತ್ತದೆ, ಸಂಘಕ್ಕೆ ಒಬ್ಬ ಸದಸ್ಯ ಕಡಿಮೆಯಾಗುತ್ತಾನೆ. ಜಾತಿಯ ಹೆಸರಿನಲ್ಲಿ ನೂಕಿದರೂ ಅಷ್ಟೆ, ಹೆಣ್ಣೆಂದು ನೂಕಿದರೂ ಅಷ್ಟೆ. ಲೆಕ್ಕ ಒಂದೇ.

ಸ್ಯಾಂಡರ್ಸ್ ಕಣ ಬಿಟ್ಟ ಮೇಲೆ ಏನಾಯಿತು? 2020ರ ಜೂನ್ 15ರಂದು ಸುಪ್ರೀಂ ಕೋರ್ಟು 6-3ರ ಬಹುಮತದಿಂದ, ಸಲಿಂಗಿ ಅಥವಾ ಲಿಂಗ ಪರಿವರ್ತಿತ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದು 1964ರ ನಾಗರಿಕ ಹಕ್ಕುಗಳ ಕಾಯಿದೆಗೆ ವಿರುದ್ಧ ಎಂದು ಸಾರಿತು. ಸಮಾನತಾ ಕಾಯಿದೆ 2019ರಲ್ಲೂ 2021ರಲ್ಲೂ ಕೆಳಮನೆಯನ್ನು ದಾಟಿ ಸೆನೆಟ್ಟಿನಲ್ಲಿ ಸಿಕ್ಕಿಬಿತ್ತು. ಸೈನ್ಯದ ನಿಷೇಧ 2021ರ ಜನವರಿಯಲ್ಲಿ ಹೋಯಿತು, 2025ರ ಜನವರಿಯ ಆಜ್ಞೆಯಿಂದ ಮರಳಿ ಬಂತು. 2025ರ ಜೂನ್ 18ರಂದು ಅದೇ ಕೋರ್ಟು, ಅದೇ 6-3ರ ಬಹುಮತದಿಂದ, ಹದಿನೆಂಟು ತುಂಬದವರಿಗೆ ಲಿಂಗ ಪರಿವರ್ತನೆಯ ಚಿಕಿತ್ಸೆಯನ್ನು ನಿಷೇಧಿಸಿದ ಟೆನೆಸ್ಸಿ ಸಂಸ್ಥಾನದ ಕಾನೂನನ್ನು ಎತ್ತಿಹಿಡಿಯಿತು. ಆಜ್ಞೆಯಿಂದ ಬಂದದ್ದು ಆಜ್ಞೆಯಿಂದ ಹೋಗುತ್ತದೆ, ತೀರ್ಪು ಎರಡು ಕಡೆಗೂ ವಾಲುತ್ತದೆ. ಶಾಸನಸಭೆಯಲ್ಲಿ ಜನಬಲದಿಂದ ಪಡೆದ ಕಾಯಿದೆಗೆ ಮಾತ್ರ ಗಟ್ಟಿ ಬೇರು. ಹಾಗಾಗಿಯೇ ಸಮಾನತಾ ಕಾಯಿದೆಗೆ ಸ್ಯಾಂಡರ್ಸರ ಯೋಜನೆಯಲ್ಲಿ ಮೊದಲ ಸ್ಥಾನವಿದ್ದುದು ಸರಿಯೆಂದು ನಮಗೆ ತೋರುತ್ತದೆ.

ಅಮೆರಿಕೆಯನ್ನು ದೂರಿ ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಬ್ರಿಟಿಷರು 1860ರಲ್ಲಿ ಬರೆದಿಟ್ಟ 377ನೆಯ ಕಲಮಿನಿಂದ ಸಲಿಂಗಿಗಳನ್ನು ಬಿಡಿಸಲು ನಮಗೆ 2018ರ ಸೆಪ್ಟೆಂಬರ್ 6ರವರೆಗೆ ಕಾಯಬೇಕಾಯಿತು. 2004ರಿಂದ ಸರ್ಕಾರ ಎಚ್.ಐ.ವಿ. ಔಷಧವನ್ನು ಉಚಿತವಾಗಿ ಕೊಡತೊಡಗಿತು. ಅದು ಹೆಮ್ಮೆಯ ಮಾತು. ಸೋಂಕಿನ ಕಾರಣದಿಂದ ಯಾರನ್ನೂ ಕೆಲಸದಿಂದ ತೆಗೆಯಕೂಡದೆಂದು 2017ರ ಕಾಯಿದೆ ಹೇಳುತ್ತದೆ. 2021ರಲ್ಲಿ ನಮ್ಮ ಕರ್ನಾಟಕವು ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರ ಮೀಸಲಾತಿ ಕೊಟ್ಟ ಮೊದಲ ರಾಜ್ಯವಾಯಿತು. ಇವೆಲ್ಲ ಇವೆ. ಆದರೆ ನಮ್ಮ ಊರಿನ ಯಾವ ಗಿರಣಿಯ ಹಾಜರಿ ಪುಸ್ತಕದಲ್ಲಿ ಒಬ್ಬ ಮಂಗಳಮುಖಿಯ ಹೆಸರಿದೆ? ಯಾವ ವಠಾರದಲ್ಲಿ ಅವರಿಗೆ ಬಾಡಿಗೆಗೆ ಕೋಣೆ ಸಿಗುತ್ತದೆ?

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಒಬ್ಬ ಹುಡುಗನಿದ್ದ. ಲೆಕ್ಕದಲ್ಲಿ ಚುರುಕು. ನಡಿಗೆ ಮಾತು ಹೆಣ್ಣಿನಂತೆ ಎಂದು ತರಗತಿಯೆಲ್ಲ ನಗುತ್ತಿತ್ತು. ಒಂದು ದಿನ ನಾವೂ ನಕ್ಕೆವು. ಎಂಟನೆಯ ತರಗತಿಗೆ ಆತ ಬರಲೇ ಇಲ್ಲ. ಬಹಳ ದಿನಗಳ ಮೇಲೆ ಒಂದು ಆಸ್ಪತ್ರೆಯಲ್ಲಿ ಸೀರೆಯುಟ್ಟ ಒಬ್ಬರು, ಚೀಟಿಗಾಗಿ ಗಂಡಸರ ಸಾಲಿನಲ್ಲಿ ನಿಲ್ಲಬೇಕೋ ಹೆಂಗಸರ ಸಾಲಿನಲ್ಲಿ ನಿಲ್ಲಬೇಕೋ ತಿಳಿಯದೆ ಎರಡು ಸಾಲುಗಳ ನಡುವೆ ಜ್ವರದಿಂದ ನಡುಗುತ್ತ ನಿಂತಿದ್ದರು. ನಮ್ಮನ್ನು ಕಂಡು ‘ನಮಸ್ಕಾರ ಮೇಷ್ಟ್ರೇ’ ಎಂದರು. ನಮಗೆ ತಲೆಯೆತ್ತಲಾಗಲಿಲ್ಲ. ಆ ದಿನ ಅವರ ಪರವಾಗಿ ಚೀಟಿ ಮಾಡಿಸಿಕೊಟ್ಟೆವು. ಆದರೆ ಎಂಟನೆಯ ತರಗತಿಯನ್ನು ನಾವು ಹಿಂದಕ್ಕೆ ತಂದುಕೊಡಲಾರೆವು.

ಆದುದರಿಂದ ನಮ್ಮ ಸಲಹೆ ಸಣ್ಣದು, ಇಂದೇ ಮಾಡಬಹುದಾದ್ದು. ಗಿರಣಿ ಕಾರ್ಮಿಕರ ಸಂಘವು ಮುಂದಿನ ಸಭೆಯಲ್ಲಿ ಎರಡು ನಿರ್ಣಯಗಳನ್ನು ತರಲಿ: ಖಾತೆಯಲ್ಲಾಗಲಿ ಗೇಟಿನಲ್ಲಾಗಲಿ ಯಾರ ನಡೆನುಡಿಯನ್ನೂ ಹೀಯಾಳಿಸುವುದನ್ನು ಸಂಘ ಸಹಿಸುವುದಿಲ್ಲವೆಂದು ಒಂದು, ರೋಗದ ಅಥವಾ ಲಿಂಗದ ಕಾರಣದಿಂದ ಕೆಲಸ ಕಳೆದುಕೊಂಡವರ ಮೊಕದ್ದಮೆಯನ್ನು ಸಂಘವೇ ಹಿಡಿಯುತ್ತದೆಂದು ಇನ್ನೊಂದು. ವರ್ತಕ ಮಿತ್ರರು ಗಲ್ಲಾದ ಮುಂದೆ ಬಂದು ನಿಂತವರಿಗೆ ಎರಡು ರೂಪಾಯಿ ಎಸೆದು ಕಳಿಸುವ ಬದಲು, ಒಬ್ಬರಿಗಾದರೂ ತಕ್ಕಡಿಯ ಹಿಂದೆ ಕೆಲಸ ಕೊಡಲಿ. ಜಿಲ್ಲಾ ಆಸ್ಪತ್ರೆಯಲ್ಲಿ ಯಾರೂ ಎರಡು ಸಾಲುಗಳ ನಡುವೆ ನಿಲ್ಲದಂತೆ ಏರ್ಪಾಡು ಮಾಡಲು ನಾವು ಈ ವಾರವೇ ಅರ್ಜಿ ಸಲ್ಲಿಸುತ್ತಿದ್ದೇವೆ. ಸಹಿ ಹಾಕಲು ಇಚ್ಛೆಯುಳ್ಳವರು ಸಂಜೆ ಕಚೇರಿಗೆ ಬರಬಹುದು. ನೂಲು ಖಾತೆಯ ಆ ಬಂಧು ಮೊದಲ ಸಹಿ ತಮ್ಮದೇ ಎಂದು ಹೇಳಿ ಕಳಿಸಿದ್ದಾರೆ.